ಮೀನಿನ ಸಾಹೇಬರ ಭಾನುವಾರಗಳು

ಮೊನ್ನೆ ಹೊನ್ನಾವರ ಪೇಟೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿ, "ಮಾಸ್ತರೆ, ನಿಮ್ಮ ಮೀನಿನ ಸಾಹೇಬ್ರು ಹೋಗ್ಬಿಟ್ರಂತಲ್ಲ, ಗೊತ್ತಾತೇ?" ಎಂದ. ನನಗೆ ಗೊತ್ತಾಗಿರಲಿಲ್ಲ. ಹಿರೇಗುತ್ತಿಯ ಅವರ ಮನೆಯಲ್ಲಿ ಹದಿಮೂರರ ಊಟವೂ ಮುಗಿದುಹೋಗಿತ್ತಂತೆ. ಕೈಯಲ್ಲಿ ಬಸಳೆಯ ಕಟ್ಟು ಹಿಡಿದುಕೊಂಡು ಪೇಟೆಯ ನಡುವೆ ನಿಂತಿದ್ದ ನಾನು ಸುದ್ದಿ ಕೇಳಿ ನಕ್ಕುಬಿಟ್ಟೆ. ಆ ವಿದ್ಯಾರ್ಥಿ ನನ್ನ ಬಗ್ಗೆ ಏನೆಂದುಕೊಂಡನೋ. ಅವರನ್ನು ನೆನೆದರೆ ನನಗೆ ಮೊದಲು ಬರುವುದು ನಗು. ಅಳು ಬಂದದ್ದು ಮನೆ ಮುಟ್ಟಿ ಬಸಳೆ ಕೆಳಗಿಟ್ಟ ಮೇಲೆ.

ಅವರ ಹೆಸರು ಬರೆಯುವುದಿಲ್ಲ. ಅವರು ಜೀವಮಾನವಿಡೀ ಮಾಡಿದ್ದು ತಮ್ಮದೇ ಮೀನುಗಾರಿಕೆ ಇಲಾಖೆಗೆ ವಿರುದ್ಧವಾದ ಕೆಲಸ. ಸರಕಾರದ ನೆನಪು ಯಾವಾಗ ಚುರುಕಾಗುತ್ತದೆ ಎಂದು ಹೇಳಲಿಕ್ಕಾಗದು, ಮನೆಯವರಿಗೆ ಪಿಂಚಣಿ ಬರಬೇಕು.

ಅವರನ್ನು ಮೊದಲು ಕಂಡದ್ದು ಶರಾವತಿಯ ದಡದಲ್ಲಿ. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತು. ಹೊಳೆಗೆ ಇನ್ನೂ ಸೇತುವೆ ಇರಲಿಲ್ಲ. ತೆಂಕಲಿಂದ ಬಂದ ಬಸ್ಸು ಕಾಸರಕೋಡಿನಲ್ಲಿ ನಮ್ಮನ್ನು ಇಳಿಸಿಬಿಡುತ್ತಿತ್ತು, ಅಲ್ಲಿಂದ ಲಾಂಚು ಹತ್ತಿ ಹೊನ್ನಾವರಕ್ಕೆ ದಾಟಬೇಕು. ನಾನು ಭಟ್ಕಳದಲ್ಲಿ ಅಕ್ಕನ ಮನೆಗೆ ಹೋಗಿ ಶಾಲೆಯ ಕೆಲಸಕ್ಕೆ ಮರಳುತ್ತಿದ್ದೆ. ಅಲ್ಲಿ ಸುಮಾರು ನನ್ನದೇ ವಯಸ್ಸಿನ, ಖಾಕಿ ಅಂಗಿಯ, ಸಪೂರ ಮನುಷ್ಯರೊಬ್ಬರು ಮಣ್ಣಿನ ಮಡಕೆಯೊಂದನ್ನು ಮೊಣಕಾಲಿನ ನಡುವೆ ಇಟ್ಟುಕೊಂಡು, ಮೊಣಕೈವರೆಗೆ ಕೈ ಹಾಕಿ ತಿರುಗಿಸುತ್ತ ಕುಕ್ಕರುಗಾಲಲ್ಲಿ ಕೂತಿದ್ದರು. ಜನ ಸುತ್ತ ನಿಂತು ನೋಡುತ್ತಿದ್ದರು. ಅವರು ಎಲ್ಲರ ಮುಖವನ್ನೂ ಪರೀಕ್ಷಿಸಿ ನನ್ನಲ್ಲಿ ಕಣ್ಣು ನಿಲ್ಲಿಸಿದರು.

"ನೀವು ಮಾಸ್ತರೋ?"

"ಹೌದು."

"ಹಂಗಾರೆ ನಂಬೂದಕ್ಕೆ ಅಡ್ಡಿಲ್ಲ. ಸ್ವಲ್ಪ ಕೈ ಆಡಿಸ್ತಾ ಇರಿ. ನಿಲ್ಸಬೇಡಿ ಮತ್ತೆ. ನಿಲ್ಸಿದ್ರೆ ಸಾಯ್ತವೆ."

ಹೀಗೆಂದು ಎದ್ದು ತೆಂಗಿನ ಮರಗಳ ಆಚೆ ಓಡಿಯೇ ಹೋದರು. ಎಷ್ಟು ಹೊತ್ತಿನಿಂದ ತಡೆದುಕೊಂಡಿದ್ದರೋ ಪಾಪ. ನಾನು ಅಂಗಿಯ ತೋಳು ಮಡಚಿ ಕೈ ಹಾಕಿದೆ. ಒಳಗೆ ಸಣ್ಣ ಸಣ್ಣ ಜೀವಗಳು ಬೆರಳಿಗೆ ತಾಗಿ ಜಾರುತ್ತಿದ್ದವು. ಅಷ್ಟರಲ್ಲಿ ಲಾಂಚು ಬಂತು, ಜನ ನುಗ್ಗಿದರು, ನಾನೂ ಮಡಕೆ ಸಮೇತ ಒಳಗಾದೆ. ಅವರು ಪಂಚೆ ಎತ್ತಿಕೊಂಡು ದಡದಲ್ಲಿ ಕೂಗುತ್ತಿದ್ದಾಗ ನಾನು ಹೊಳೆಯ ನಡುವೆ ಇದ್ದೆ. ಅವರು ಮುಂದಿನ ಲಾಂಚಿಗೆ ಬಂದಿಳಿಯುವವರೆಗೆ ಹೊನ್ನಾವರದ ದಕ್ಕೆಯಲ್ಲಿ ನನ್ನ ಶಾಲೆಯ ಮಕ್ಕಳೆದುರೇ ಮಡಕೆ ತಿರುಗಿಸುತ್ತ ಕೂತೆ.

"ನಿಲ್ಸಿಲ್ಲ ಅಲ್ದ?" ಇದು ಅವರು ಬಂದ ಕೂಡಲೇ ಕೇಳಿದ ಪ್ರಶ್ನೆ.

ಮಡಕೆಯಲ್ಲಿದ್ದದ್ದು ಟಿಲಾಪಿಯಾ ಮರಿ. ಆಫ್ರಿಕಾ ಖಂಡದ ಮೀನು. ಎಲ್ಲಿ ಬಿಟ್ಟರೂ ಬದುಕುತ್ತದೆ, ಏನು ಕೊಟ್ಟರೂ ತಿನ್ನುತ್ತದೆ, ವರ್ಷ ತುಂಬುವುದರೊಳಗೆ ಕೆರೆ ತುಂಬಿಸುತ್ತದೆ, ಬಡವರ ಹೊಟ್ಟೆಗೆ ಇದೇ ದಾರಿ ಎಂದು ಸರಕಾರ ನಂಬಿತ್ತು. ಕಡಲು ಪಕ್ಕದಲ್ಲೇ ಇರುವಾಗ, ಬಂಗಡೆ ಬುಟ್ಟಿಗಟ್ಟಲೆ ಬೀಳುವಾಗ ನಮಗೆ ಆಫ್ರಿಕಾದ ಮೀನು ಯಾಕೆ ಎಂದು ನಾನು ಕೇಳಿದೆ. "ಮಳೆಗಾಲದಲ್ಲಿ ಎಂತ ತಿಂತ್ರಿ?" ಎಂದರು. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ, ಒಣಮೀನೇ ಗತಿ. ಸರಕಾರದ ಮಾತಿನಲ್ಲಿ ಅಷ್ಟು ಸತ್ಯ ಇತ್ತು. ಮೀನಿನ ಮರಿಯನ್ನು ಸಾಗಿಸುವ ವಿದ್ಯೆಯನ್ನೂ ಅವರು ಅಂದೇ ನನಗೆ ಕಲಿಸಿದರು. ಕೈ ಆಡಿಸುತ್ತಲೇ ಇರಬೇಕು, ದಾರಿಯಲ್ಲಿ ಕೆರೆ ಬಾವಿ ಏನು ಸಿಕ್ಕಿದರೂ ಹಳೇ ನೀರು ಚೆಲ್ಲಿ ಹೊಸ ನೀರು ತುಂಬಿಸಬೇಕು. ತರಬೇತಿಯಲ್ಲಿ ಇದನ್ನು ಎಷ್ಟು ತಿದ್ದಿದ್ದರೆಂದರೆ ಕೆರೆ ಕಂಡರೆ ಕೈ ತಾನೇ ಮಡಕೆಯ ಕಡೆ ಹೋಗುತ್ತದೆ ಎನ್ನುತ್ತಿದ್ದರು.

ನಾನಿದ್ದ ರುಕ್ಮಾಬಾಯಿಯ ಮನೆಯಲ್ಲೇ ಅವರಿಗೂ ಒಂದು ಕೋಣೆ ಸಿಕ್ಕಿತು. ರುಕ್ಮಾಬಾಯಿ ಕೊಂಕಣಿ ಮಾತಾಡುವ ವಿಧವೆ. ಅಡುಗೆಯಲ್ಲಿ ಎತ್ತಿದ ಕೈ, ಬಾಯಲ್ಲಿ ಅದಕ್ಕಿಂತ. ನಾವಿಬ್ಬರೂ ಊಟಕ್ಕೆ ಅವರನ್ನೇ ನಂಬಿದ್ದೆವು. ಮೀನಿನ ಸಾಹೇಬರು ನನಗೆ ಕೊನೆಯವರೆಗೂ "ಮಾಸ್ತರೆ", ನಾನು ಅವರಿಗೆ "ಸಾಹೇಬ್ರೆ". ಸಾಹೇಬಗಿರಿ ಏನೂ ಇರಲಿಲ್ಲ, ಇಲಾಖೆಯಲ್ಲಿ ಅವರಿಗಿಂತ ಕೆಳಗಿದ್ದದ್ದು ಮಡಕೆ ಮಾತ್ರ.

ಎರಡು ಮಳೆಗಾಲ ಅವರು ಕುಮಟೆಯಿಂದ ಭಟ್ಕಳದವರೆಗೆ, ಒಳಗೆ ಕತಗಾಲದವರೆಗೂ ಮೀನು ಬಿಟ್ಟುಕೊಂಡು ತಿರುಗಿದರು. ಮೀನೂ ಸರಕಾರ ಹೇಳಿದಂತೆಯೇ ನಡೆದುಕೊಂಡಿತು. ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಸಾಕುವ ಮೀನು ಅದು. ಹೆದರಿಕೆಯಾದರೆ ಮರಿಗಳೆಲ್ಲ ತಾಯಿಯ ಬಾಯೊಳಗೆ, ಹೆದರಿಕೆ ಹೋದರೆ ಹೊರಗೆ. ಹೀಗೆ ಸಾಕಿದರೆ ಯಾರ ಸಂತಾನ ಬೆಳೆಯುವುದಿಲ್ಲ ಹೇಳಿ. ಆದರೆ ಒಂದು ದಿನ ಮಾವಳ್ಳಿ ಸಮೀಪದ ಕೆರೆಯ ಹತ್ತಿರ ಗದ್ದೆ ನೆಡುತ್ತಿದ್ದ ಹೆಂಗಸೊಬ್ಬಳು ಹಾಡು ನಿಲ್ಲಿಸಿ ಅವರನ್ನು ಕೂಗಿದಳಂತೆ. "ಸಾಯ್ಬ್ರೆ, ನಮ್ಮ ಮುಗುಡು ಎಲ್ಲಿ? ಮೀಸೆ ಮೀನು ಎಲ್ಲಿ? ನಿಮ್ಮ ಮೀನಿಗೆ ಕೂರೂಕೆ ಜಾಗ ಕೊಟ್ರೆ ಅದು ನಮ್ಮವ್ಕೆ ಮನೆಯಿಂದ್ಲೇ ಹೊರಗೆ ಹಾಕ್ತಲ್ರೋ!"

ಅಂದು ಅವರು ಊಟ ಮಾಡಲಿಲ್ಲ. ಮರುದಿನದಿಂದ ಬಿಟ್ಟ ಕೆರೆಗಳಿಗೆಲ್ಲ ಮತ್ತೆ ಹೋಗಿ ಬಲೆ ಹಾಕಿ ನೋಡಿದರು. ಬಲೆಯಲ್ಲಿ ಬಂದದ್ದೆಲ್ಲ ಟಿಲಾಪಿಯಾ. ಮುಂದಿನ ಭಾನುವಾರ ಬೆಳಿಗ್ಗೆ ಖಾಕಿ ಅಂಗಿ ಕಳಚಿ ಗೂಟಕ್ಕೆ ಸಿಕ್ಕಿಸಿ, ಹಳೇ ಪಂಚೆ ಉಟ್ಟು, ಬೀಸುಬಲೆ ಹೆಗಲಿಗೆ ಹಾಕಿಕೊಂಡು ಹೊರಟರು. "ಇವತ್ತು ನಾ ಇಲಾಖೆಯವ ಅಲ್ಲ" ಎಂದು ನನಗೆ ತಿಳಿಸಿ ಹೋದರು. ಅಲ್ಲಿಂದ ಮುಂದೆ ಸೋಮವಾರದಿಂದ ಶನಿವಾರದವರೆಗೆ ಸರಕಾರಿ ಮೀನು ಬಿಡುವುದು, ಭಾನುವಾರ ಅದನ್ನೇ ಬೇಟೆಯಾಡುವುದು ಎಂದಾಯಿತು.

"ಇದೆಂತ ಹುಚ್ಚು ಸಾಹೇಬ್ರೆ? ಮನಸ್ಸಿಗೆ ಒಪ್ಪದಿದ್ರೆ ರಾಜೀನಾಮೆ ಕೊಡಿ" ಎಂದೆ.

"ಕೊಟ್ರೆ ನನ್ನ ಜಾಗಕ್ಕೆ ಮತ್ತೊಬ್ಬ ಬತ್ತಾನೆ ಮಾಸ್ತರೆ. ಅವ ಭಾನುವಾರ ಮಲಗ್ತಾನೆ."

ನಾನೂ ಕೆಲವು ಭಾನುವಾರ ಜೊತೆಗೆ ಹೋಗಿದ್ದೇನೆ. ಸೊಂಟಮಟ್ಟ ನೀರಲ್ಲಿ ನಿಂತು ಬಲೆ ಬೀಸುವುದು, ಎಳೆಯುವುದು, ನಮ್ಮ ಊರಿನ ಮೀನು ಬಂದರೆ ಎರಡೂ ಕೈಯಲ್ಲಿ ಎತ್ತಿ ನೀರಿಗೆ ಬಿಡುವುದು, ಟಿಲಾಪಿಯಾ ಬಂದರೆ ಅದರ ಮುಖ ನೋಡಿ, "ನಿಂಗೆ ವರ್ಗ ಆತು" ಎಂದು ಮಡಕೆಗೆ ಹಾಕುವುದು. ಒಂದೊಂದು ಮೀನಿಗೂ ಹೇಳಬೇಕು. ತಪ್ಪು ಅದರದ್ದಲ್ಲವಲ್ಲ, ಕರೆತಂದವರು ನಾವು, ಹೇಳದೆ ಕೇಳದೆ ಹಿಡಿದರೆ ಸರಿಯಾಗುವುದಿಲ್ಲ ಎಂಬುದು ಅವರ ವಾದ. ಸರಕಾರಿ ನೌಕರರಾದ ಅವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯ ಮಾತು ಗೊತ್ತಿರಲಿಲ್ಲ.

ಕೊಂದದ್ದನ್ನು ತಿನ್ನಲೇಬೇಕು ಎಂಬುದು ಅವರ ಇನ್ನೊಂದು ನಿಯಮ. ಆ ನಿಯಮದ ಭಾರ ಬಿದ್ದದ್ದು ಜೊತೆಗೆ ಉಣ್ಣುತ್ತಿದ್ದ ನನ್ನ ಮೇಲೂ. ಮೊದಲ ಸಲ ಸತ್ತ ಮೀನು ತಂದಾಗ ರುಕ್ಮಾಬಾಯಿ ಮೀನಿನ ವಾಸನೆ ಮುರಿಯುವ ಜುಮ್ಮನಕಾಯಿ ಜಜ್ಜಿ ಹಾಕಿ, ಹುಳಿ ಹೆಚ್ಚಿಗೆ ಬಿಟ್ಟು ಸಾರು ಮಾಡಿದರು. ಆದರೂ ಕೆಸರು ವಾಸನೆ ಹೋಗಲಿಲ್ಲ. ಬಂಗಡೆ ತಿಂದು ಬೆಳೆದ ಅವರು ಒಂದು ತುತ್ತು ಬಾಯಿಗಿಟ್ಟು ಕೊಂಕಣಿಯಲ್ಲಿ ಬಯ್ಯಲು ಸುರು ಮಾಡಿದವರು ಪಾತ್ರೆ ತಿಕ್ಕಿ ಮುಗಿಯುವವರೆಗೆ ನಿಲ್ಲಿಸಲಿಲ್ಲ. ಕೊನೆಗೆ ಕನ್ನಡಕ್ಕೆ ಬಂದು ಷರತ್ತು ಹಾಕಿದರು. "ಸತ್ತ ಕೆರೆಮೀನು ನನ್ನ ಅಡುಗೆಮನೆಗೆ ತರೂದು ಬೇಡ. ಜೀವ ಇದ್ದದ್ದು ತನ್ನಿ. ಬಾವಿ ನೀರಲ್ಲಿ ಎರಡು ದಿನ ಇಟ್ಟು, ಹೊಟ್ಟೆಯ ಕೆಸರು ಹೋದ ಮೇಲೆ ಕೊಯ್ತೆ." ಹೀಗಾಗಿ ಸಾಯಬೇಕಾದ ಮೀನನ್ನು ಸಾಯದ ಹಾಗೆ ಮಾವಳ್ಳಿಯಿಂದ ಹೊನ್ನಾವರದವರೆಗೆ ತರುವ ಕೆಲಸ ಸಾಹೇಬರ ಪಾಲಿಗೆ ಬಂತು. ಆ ವಿದ್ಯೆ ಅವರಿಗೆ ಕರಗತವಾಗಿತ್ತಲ್ಲ.

ಒಮ್ಮೆ ಕುಮಟೆಯಿಂದ ಅವರ ಮೇಲಧಿಕಾರಿ ಕುಟುಂಬ ಸಮೇತ ಕಡಲು ನೋಡಲು ಬಂದವರು ದಾರಿಯಲ್ಲಿ ಇವರನ್ನು ಕಂಡರು. ರಜೆಯ ದಿನ, ಮೈಯೆಲ್ಲ ಕೆಸರು, ಮಡಕೆ ತುಂಬ ಮೀನು. ನಾನು ದಡದಲ್ಲಿ ನಿಂತಿದ್ದೆ, ಇನ್ನು ಇವರ ಕೆಲಸ ಹೋಯಿತು ಎಂದೇ ತಿಳಿದೆ. ಅಧಿಕಾರಿ ಕಾರಿನಿಂದಿಳಿದು, "ಶಾಭಾಸ್! ಜನ ತಿನ್ನೂದಿಲ್ಲ ಅಂತ ನೀವೇ ಹಿಡಿದು ತಿಂದು ತೋರಿಸ್ತಿದೀರಿ, ಅಲ್ಲವೇ?" ಎಂದು ಬೆನ್ನು ತಟ್ಟಿದರು. ಮುಂದಿನ ತಿಂಗಳು ಮೆಚ್ಚುಗೆಯ ಗುರುತಾಗಿ ಮೊದಲಿನ ದುಪ್ಪಟ್ಟು ಮರಿಮೀನು ಬಂತು. ರುಕ್ಮಾಬಾಯಿಯ ಜಗಲಿಯ ತುಂಬ ಮಡಕೆ. ಸಾಹೇಬರು ಒಂದರಿಂದ ಒಂದಕ್ಕೆ ಓಡುತ್ತ ಕೈ ಆಡಿಸುತ್ತಿದ್ದರು. "ಇವು ಈಗ ಮರಿ. ಮರಿಗೆ ಎಂತ ಮಾಡೂದು ಮಾಸ್ತರೆ? ಬಿಡ್ತೆ. ದೊಡ್ಡ ಆದ ಮೇಲೆ ನೋಡ್ಕಂಬ" ಎಂದರು. ಇವರು ಹಿಡಿದಷ್ಟೂ ಇಲಾಖೆ ಮೆಚ್ಚುವುದು, ಮೆಚ್ಚಿದಷ್ಟೂ ಕಳಿಸುವುದು.

ಇಷ್ಟೆಲ್ಲದರ ನಡುವೆ ಅವರು ಒಂದು ಕೆರೆಯನ್ನು ಮುಟ್ಟದೆ ಉಳಿಸಿದ್ದರು. ಮಾವಳ್ಳಿಯಿಂದ ಒಳಕ್ಕೆ, ಗುಡ್ಡದ ಬುಡದಲ್ಲಿ ಅಮ್ಮನವರ ಗುಡಿಯ ಕೆರೆ. ಅಲ್ಲಿಯ ಮೀನು ದೇವರ ಮೀನು, ಯಾರೂ ಹಿಡಿಯುವುದಿಲ್ಲ. ಬೆಳ್ಳಿ ಬಣ್ಣ, ಬಾಯಿಯ ಎರಡು ಕಡೆ ಸಣ್ಣ ಮೀಸೆ. ಮೆಟ್ಟಿಲಲ್ಲಿ ಕೂತು ಕಾಲು ಇಳಿಬಿಟ್ಟರೆ ಬಂದು ಕಚಗುಳಿ ಇಡುತ್ತಿದ್ದವು. ಆ ಕೆರೆ ಬೇಸಿಗೆಯಲ್ಲಿ ಪೂರಾ ಬತ್ತುತ್ತದೆ, ಮೀನು ಬಿಟ್ಟು ಉಪಯೋಗವಿಲ್ಲ ಎಂದು ಇಲಾಖೆಗೆ ಹೇಳಿದ್ದರು. ನೌಕರಿಯಲ್ಲಿ ಅವರು ಹೇಳಿದ ಒಂದೇ ಸುಳ್ಳು ಇದು ಎಂದು ನನ್ನ ನಂಬಿಕೆ. ಭಾನುವಾರದ ಬೇಟೆ ಮುಗಿದ ಮೇಲೆ ಅಲ್ಲಿಗೆ ಹೋಗಲೇಬೇಕು. ಮೀನು ಮುಟ್ಟಿದ ಮೈಯಲ್ಲಿ ಗುಡಿಗೆ ಹೋಗುವಂತಿಲ್ಲ, ಅದಕ್ಕೆ ಕೆರೆಯಲ್ಲಿ ಮುಳುಗಿ ಎದ್ದು, ಒದ್ದೆ ಪಂಚೆಯಲ್ಲಿ ಕೈಮುಗಿದು ಬಂದು, ಆಮೇಲೆ ಮೆಟ್ಟಿಲಲ್ಲಿ ಕೂತು ಅನ್ನ ಹಾಕುವರು. ಎಲ್ಲೂ ನಗದ ಮನುಷ್ಯ ಅಲ್ಲಿ ಕಾಲಿಗೆ ಮೀನು ತಾಗಿದಾಗ ಕಿಲಕಿಲ ನಗುತ್ತಿದ್ದರು.

"ಬೇರೆ ಕೆರೆ ಪೂರಾ ಹೋದ್ರೂ ಅಡ್ಡಿಲ್ಲ ಮಾಸ್ತರೆ. ಇದೊಂದು ಉಳಿದ್ರೆ ಸಾಕು. ನಾಳೆ ಇಲ್ಲಿಂದ ಬೀಜ ತಕಂಡು ಮತ್ತೆ ಎಲ್ಲ ಕಡೆ ತುಂಬ್ಸಬಹುದು. ಇದೂ ಹೋದ್ರೆ ನಾ ಮಾಡಿದ್ದಕ್ಕೆ ಕ್ಷಮೆ ಇಲ್ಲ."

ಒಂದು ಭಾನುವಾರ ಗುಡಿಯ ಭಟ್ಟರು ನಗುತ್ತ ಎದುರಾದರು. "ಸಾಹೇಬ್ರೆ, ಅಮ್ಮನ ಕೃಪೆ ಇದ್ದು. ಈ ವರ್ಷ ಮೀನು ಭಾರೀ ಹೆಚ್ಚಿದ್ದು. ಅನ್ನ ಹಾಕಿರೆ ನೀರೇ ಕಾಣ್ತಿಲ್ಲೆ." ಸಾಹೇಬರು ಅನ್ನ ಎಸೆದರು. ಎದ್ದು ಬಂದ ಮುಖಗಳಲ್ಲಿ ಮೀಸೆಯಿದ್ದವು ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಬೋಳು ಬಾಯಿಯ ಟಿಲಾಪಿಯಾ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಆ ಮುಖವನ್ನು ನಾನು ಮರೆತಿಲ್ಲ, ಮನೆಯಲ್ಲಿ ಸಾವಾದವರ ಮುಖ ಅದು.

ಆಮೇಲೆ ಸುರುವಾಯಿತು ಪತ್ತೇದಾರಿ. ಯಾರು ತಂದು ಬಿಟ್ಟರು? ಮೊದಲು ಮಿಂಚುಳ್ಳಿಯ ಮೇಲೆ ಸಂಶಯ, ಕೊಕ್ಕಿನಿಂದ ಬೀಳಿಸಿರಬಹುದು ಎಂದು. ಆಮೇಲೆ ಇಲಾಖೆಯ ಇನ್ನೊಬ್ಬ ನೌಕರನ ಮೇಲೆ. ಆಮೇಲೆ, ದೇವರು ಮೆಚ್ಚುವ ಮಾತೇ ಇದು, ಭಟ್ಟರ ಮೇಲೆ. ಒಮ್ಮೆ ರುಕ್ಮಾಬಾಯಿಯನ್ನೇ, "ನೀವೇನಾದ್ರೂ ಆ ಕಡೆ ಹೋಗಿದ್ರಾ?" ಎಂದು ಕೇಳಿ ಎರಡು ದಿನ ಊಟವಿಲ್ಲದೆ ಕೂತರು. ರಜೆ ಹಾಕಿ ಕೆರೆಯ ದಂಡೆಯಲ್ಲಿ ಕಾವಲು ಕೂತದ್ದೂ ಆಯಿತು. ಯಾರೂ ಬರಲಿಲ್ಲ.

ಕಳ್ಳ ಸಿಕ್ಕಿಬಿದ್ದಾಗ ನಾನು ಎದುರೇ ಇದ್ದೆ. ಬೇಟೆ ಮುಗಿಸಿ ಇಬ್ಬರೂ ಗುಡಿಗೆ ಬಂದಿದ್ದೆವು. ಉರಿ ಬಿಸಿಲು. ಸಾಹೇಬರು ಮೀನಿನ ಮಡಕೆಯನ್ನು ಕೊನೆಯ ಮೆಟ್ಟಿಲ ಮೇಲಿಟ್ಟು, "ಯಾರು ತಂದ್ರು ಅಂತ ಗೊತ್ತಾದ್ರೆ ಅವನ ಕೈ ಮುರೀತೆ" ಎಂದು ಬಯ್ಯುತ್ತಲೇ, ಮಡಕೆಯ ಬಾಯಿಗೆ ಅಂಗೈ ಅಡ್ಡ ಹಿಡಿದು, ಬಗ್ಗಿಸಿ, ಹಳೇ ನೀರನ್ನು ಕೆರೆಗೆ ಚೆಲ್ಲತೊಡಗಿದರು. ದೊಡ್ಡ ಮೀನುಗಳನ್ನು ಅಂಗೈ ತಡೆಯಿತು. ಬೆರಳ ಸಂದಿಯಿಂದ ಸಾಸಿವೆಯಂಥ ಕಪ್ಪು ಕಣ್ಣುಗಳ ಮರಿಗಳು ಸಾಲಾಗಿ ನೀರಿಗೆ ಇಳಿದವು. ಮಡಕೆಯೊಳಗಿನ ತಾಯಿ ಸಿಕ್ಕಿಬಿದ್ದ ಗಾಬರಿಯಲ್ಲಿ ಬಾಯಲ್ಲಿದ್ದ ಮರಿಗಳನ್ನು ಉಗುಳಿಬಿಟ್ಟಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅವರ ಕೈ ನಿಂತಿತು. ಮಡಕೆ ಬಾಗಿಯೇ ಇತ್ತು.

"ಮಾಸ್ತರೆ, ನಾ ಎಂತ ಮಾಡ್ತಾ ಇದ್ದೆ?"

"ನೀರು ಬದಲಿಸ್ತಾ ಇದ್ರಿ."

"ಪ್ರತಿ ಭಾನುವಾರವೂ?"

ಜೊತೆಗೆ ಬಂದ ದಿನಗಳಲ್ಲೆಲ್ಲ ನೋಡಿದ್ದೆ, ನನಗೂ ಹೊಳೆದಿರಲಿಲ್ಲ. ಕೊಲ್ಲಲು ಒಯ್ಯುವ ಮೀನು ದಾರಿಯಲ್ಲಿ ಸಾಯಬಾರದೆಂದು, ಸರಕಾರ ಕಲಿಸಿದ ಹಾಗೆ, ಸಿಕ್ಕ ಶುದ್ಧ ಕೆರೆಯಲ್ಲಿ ನೀರು ಬದಲಿಸಿದ್ದರು. ಅವರು ನಗಲಿಲ್ಲ, ಅಳಲೂ ಇಲ್ಲ. ತಮ್ಮ ಬಲಗೈಯನ್ನು ಬೇರೆ ಯಾರದ್ದೋ ಎಂಬ ಹಾಗೆ ನೋಡುತ್ತ ಕೂತರು.

ಕೆರೆ ಬತ್ತಿಸಿ ಟಿಲಾಪಿಯಾ ತೆಗೆಯದೆ ಬೇರೆ ದಾರಿಯಿರಲಿಲ್ಲ. ಊರವರು ಗುಡಿಯ ಎದುರು ಸೇರಿದರು. ದೇವರ ಕೆರೆಯಲ್ಲಿ ಹುಟ್ಟಿದ ಮೇಲೆ ಅವೂ ದೇವರ ಮೀನೇ ಎಂದು ಕೆಲವರು, ಅಲ್ಲ ಸರಕಾರದ್ದು ಎಂದು ಕೆಲವರು. ತಾಯಿ ಆಫ್ರಿಕಾದ್ದಾದರೂ ಹುಟ್ಟಿದ ಊರೇ ಊರು ಎಂದು ಹಿರಿಯರೊಬ್ಬರು ವಾದಿಸಿದಾಗ ಸಾಹೇಬರು ಎದ್ದು ನಿಂತು, "ಅವು ದೇವ್ರದ್ದೂ ಅಲ್ಲ, ಸರಕಾರದ್ದೂ ಅಲ್ಲ. ನನ್ನವು. ನನ್ನ ಕೈಯಿಂದ ಬಂದವು" ಎಂದರು. ಕೊನೆಗೆ ಅಮ್ಮನವರನ್ನೇ ಕೇಳುವುದೆಂದಾಯಿತು. ತೆಗೆಯಬಹುದಾದರೆ ಬಲಗಡೆಯ ಹೂ ಕೊಡು ಎಂದು ಭಟ್ಟರು ಪ್ರಾರ್ಥಿಸಿ ಮೂರ್ತಿಗೆ ಹೂ ಏರಿಸಿದರು. ಹೂ ಬೀಳಲಿಲ್ಲ. ಊಟದ ಹೊತ್ತು ಮೀರಿತು. ಜನ ಒಬ್ಬೊಬ್ಬರಾಗಿ ಕೂತರು, ಕೆಲವರು ಗೊರಕೆ ಹೊಡೆದರು. ಸಾಹೇಬರು ಒಬ್ಬರೇ ಒದ್ದೆ ಪಂಚೆಯಲ್ಲಿ ನಿಂತಿದ್ದರು, ಪಂಚೆ ಅವರ ಮೈಮೇಲೆಯೇ ಒಣಗಿತು. ಆಮೇಲೆ ಬಲಗಡೆಯ ಹೂ ಜಾರಿತು. "ಆತು" ಎಂದರು ಭಟ್ಟರು, ಅವರಿಗೂ ಹಸಿವೆಯಾಗಿತ್ತು.

ಮಳೆಗೆ ಮುಂಚೆ ಊರಿಗೆ ಊರೇ ಸೇರಿ ನೀರೆತ್ತಿತು. ಮನೆಮನೆಯ ಹಂಡೆ, ಗುಡಿಯ ಸಂತರ್ಪಣೆಯ ಕೊಪ್ಪರಿಗೆ ಎಲ್ಲ ದಂಡೆಯಲ್ಲಿ ಸಾಲಾಗಿ ನಿಂತವು. ಅನ್ನ ಬೇಯುವ ಕೊಪ್ಪರಿಗೆಯಲ್ಲಿ ದೇವರ ಮೀನು ಈಜುವುದನ್ನು ನೋಡಲು ರುಕ್ಮಾಬಾಯಿ ಹೊಳೆ ದಾಟಿ ಬಂದರು. ನೋಡಲು ಬಂದವರು ಸೀರೆ ಎತ್ತಿ ಕಟ್ಟಿ ಕೆಸರಿಗೂ ಇಳಿದರು. ಮೀಸೆಯಿದ್ದದ್ದು ಕೊಪ್ಪರಿಗೆಗೆ, ಮೀಸೆಯಿಲ್ಲದ್ದು ದಂಡೆಗೆ. ಸಾಹೇಬರು ಕೆಸರಿನಲ್ಲಿ ಮಂಡಿಯೂರಿ ಬೊಗಸೆ ಬೊಗಸೆಯಾಗಿ ಸೋಸಿದರು. ಅಂದು ಯಾವ ಮೀನಿಗೂ ವರ್ಗದ ಮಾತು ಹೇಳಲಿಲ್ಲ. ಉಳಿದ ದೇವರ ಮೀನಿಗೆ ಒಂದೇ ಕೊಪ್ಪರಿಗೆ ಸಾಕಾಯಿತು. ಮಳೆ ಬಂದು ಕೆರೆಯಲ್ಲಿ ನೀರು ನಿಂತ ಮೇಲೆ ಅವನ್ನು ಬಿಡುವಾಗ ಎಲ್ಲರೂ ಅವರನ್ನು ಹುಡುಕಿದರು. ಅವರು ಗುಡಿಯ ಪಾಗಾರದ ಗೋಡೆಯ ಹೊರಗೆ, ರಸ್ತೆಯಲ್ಲಿ ಕೊಡೆ ಹಿಡಿದು ನಿಂತಿದ್ದರು.

"ನಾ ಇಳಿಯೂದಿಲ್ಲ. ನನ್ನ ಬಲೆಯಲ್ಲಿ, ಪಂಚೆಯಲ್ಲಿ, ಉಗುರಲ್ಲಿ ಎಂತ ಇರ್ತದೆ ಅಂತ ನಂಗೇ ಗೊತ್ತಿಲ್ಲ. ಭಟ್ರೆ, ನೀವೇ ಬಿಡಿ" ಎಂದು ಕೂಗಿದರು.

ಆ ಮಾತು ಅವರು ಮೀರಲಿಲ್ಲ. ಬೇರೆ ಕೆರೆಗಳ ಬೇಟೆ ಅವರಿಗೆ ವರ್ಗವಾಗುವವರೆಗೂ ನಡೆದೇ ಇತ್ತು, ಅದು ಮುಗಿಯುವ ಬೇಟೆಯಲ್ಲ. ಭಾನುವಾರ ಅಮ್ಮನವರ ಗುಡಿಗೆ ಹೋಗುವುದೂ ತಪ್ಪಲಿಲ್ಲ, ಆದರೆ ಪಾಗಾರದ ಹೊರಗೆ. ಭಟ್ಟರು ತೀರ್ಥ ತಂದರೆ ಕೈ ತಂಬಿಗೆಗೆ ತಾಗದ ಹಾಗೆ ಮೇಲಿಂದ ಬೊಗಸೆಗೆ ಹೊಯ್ಯಬೇಕು. ಹಾದಿಹೋಕರು ಇವರನ್ನು ಯಾವುದೋ ಮೈಲಿಗೆಯಲ್ಲಿರುವವರೆಂದು ತಿಳಿದು ದೂರ ಸರಿಯುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಇದು ಅತಿಯಾಯಿತು, ಮಡಕೆಯಿಲ್ಲದೆ ಬಂದರೆ ಏನಾಗುತ್ತದೆ ಎಂದು ಎಷ್ಟೋ ಸಲ ಜಗಳ ಮಾಡಿದ್ದೇನೆ.

ನಿವೃತ್ತಿಯಾದ ಮೇಲೆ ಒಮ್ಮೆ ಹಿರೇಗುತ್ತಿಯಿಂದ ಬಂದರು. ಇಬ್ಬರೂ ಗುಡಿಗೆ ಹೋದೆವು. ಮುದುಕರಾಗಿದ್ದ ಭಟ್ಟರು ಪಾಗಾರದ ತನಕ ಬಂದು ಕೈ ಹಿಡಿದು ಎಳೆದರು. "ಇಂದಾದ್ರೂ ಬನ್ನಿ ಸಾಹೇಬ್ರೆ. ಮೆಟ್ಲಲ್ಲಿ ಕೂತ್ಕಂಡು ಕಾಲು ಬಿಡಿ. ಕೆರೆ ತುಂಬ ಅವೇ ಇದ್ದು, ಬೇರೆ ಒಂದೂ ಇಲ್ಲೆ."

ಸಾಹೇಬರು ಮೆಲ್ಲಗೆ ಕೈ ಬಿಡಿಸಿಕೊಂಡರು. "ನಾ ಬರದೇ ಇದ್ದದ್ದಕ್ಕೇ ಅವು ಇದ್ದವಲ್ರೋ ಭಟ್ರೆ" ಎಂದರು. ಆಮೇಲೆ ನನಗೆ, "ಮಾಸ್ತರೆ, ನೀವು ಹೋಗಿ ಸ್ವಲ್ಪ ಕಾಲು ಇಟ್ಕಂಡು ಬನ್ನಿ, ನಾ ಇಲ್ಲೇ ಇರ್ತೆ" ಎಂದರು.

ನಾನು ಹೋಗಿ ಕೂತೆ. ಮೀನುಗಳು ಬಂದವು. ಕಚಗುಳಿ ತಾಳಲಾರದೆ ನಾನು ನಕ್ಕೆ, ಪಾಗಾರದ ಆಚೆಯಿಂದ ಅವರು ನಕ್ಕದ್ದು ಕೇಳಿಸಿತು.